ನೋಡಿದ್ದೇನೆ ಎಂಬ ಗುಂಡಿ

ವಿಭಾಗದಲ್ಲಿ ಅವಳನ್ನು ಎಲ್ಲರೂ ಸಿಸ್ಟರಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೊಂದು ವರ್ಷ ಆಸ್ಪತ್ರೆಯ ವಾರ್ಡುಗಳಲ್ಲಿ ನರ್ಸಾಗಿ ದುಡಿದು, ನಲವತ್ತಾರನೇ ವಯಸ್ಸಿನಲ್ಲಿ ಓದಿಗೆಂದು ರಜೆ ಹಾಕಿ ಪಿಎಚ್.ಡಿ.ಗೆ ಸೇರಿದವಳು ಅವಳು. ಜೊತೆಯವರೆಲ್ಲ ಇಪ್ಪತ್ತೈದರ ಆಸುಪಾಸಿನವರು. ಮೊದಲ ದಿನ ಒಬ್ಬ ಸಿಸ್ಟರ್ ಎಂದ, ಇನ್ನೊಬ್ಬಳು ಅಕ್ಕ ಎಂದಳು, ವಾರ ಕಳೆಯುವುದರೊಳಗೆ ಎರಡೂ ಒಂದಕ್ಕೊಂದು ಅಂಟಿಕೊಂಡವು. "ಒಂದೇ ಮಾತನ್ನ ಎರಡು ಸಲ ಹೇಳ್ತಿದೀರಲ್ರೋ" ಎಂದು ಅವಳು ನಕ್ಕಳು. ಹೆಸರು ಮಾತ್ರ ನಿಂತುಬಿಟ್ಟಿತು.

ಓದುವ ವಿಷಯ ಆರೋಗ್ಯ ಮಾಹಿತಿ ವಿಜ್ಞಾನ. ಅದೇನೆಂದು ಅತ್ತೆಗೆ ತಿಳಿಸಿ ಹೇಳುವಷ್ಟರಲ್ಲಿ ಅವಳಿಗೆ ಸಾಕುಸಾಕಾಗಿತ್ತು. "ಆಸ್ಪತ್ರೆಯಲ್ಲಿ ರೋಗಿಗಳ ಬಗ್ಗೆ ಬರೆದಿಡ್ತಾರಲ್ಲ ಅತ್ತೆ, ರಕ್ತಪರೀಕ್ಷೆ, ಔಷಧಿ, ಎಕ್ಸ್‌ರೇ, ಅದೆಲ್ಲ ಈಗ ಕಂಪ್ಯೂಟರ್‌ನಲ್ಲಿರುತ್ತೆ. ಅದನ್ನ ಸರಿಯಾಗಿ ಇಡೋದು ಹೇಗೆ, ಅದರಿಂದ ರೋಗಿಗೆ ಒಳ್ಳೇದು ಮಾಡೋದು ಹೇಗೆ ಅಂತ ಓದೋದು."

"ಓದಿ ಮುಗಿಸಿದ ಮೇಲೆ ನೀನು ಡಾಕ್ಟರ್ ತಾನೇ?"

"ಹೂಂ, ಡಾಕ್ಟರೇ."

"ಹಾಗಾದ್ರೆ ನನ್ನ ಮಂಡಿನೋವು ನೋಡ್ತೀಯಾ?"

"ಇಲ್ಲ ಅತ್ತೆ. ಮಂಡಿನೋವಿನ ಕಾಗದಪತ್ರ ನೋಡ್ತೀನಿ."

"ಕಾಗದಕ್ಕೆ ಎಲ್ಲಾದ್ರೂ ನೋವಾಗುತ್ತೇನೇ" ಎಂದು ಅತ್ತೆ ಮೂಗು ಮುರಿದಿದ್ದರು.

ಮೊದಲ ವರ್ಷದ ಪಾಠಗಳು ಮುಗಿಯುತ್ತಾ ಬಂದಿದ್ದವು. ಇನ್ನು ಮುಂದೆ ಪ್ರತಿಯೊಬ್ಬರೂ ಒಂದು ವಿಶೇಷ ವಿಭಾಗ ಆರಿಸಿಕೊಂಡು ಅದರಲ್ಲೇ ಮೂರು ನಾಲ್ಕು ವರ್ಷ ಮುಳುಗಬೇಕು. ಒಂದು ಹಾಳೆಯ ಅರ್ಜಿ. ಅದರಲ್ಲಿ ಐದು ಚೌಕ. ಸ್ಕ್ಯಾನು, ಎಕ್ಸ್‌ರೇಗಳನ್ನು ಯಂತ್ರದಿಂದ ಓದಿಸುವುದು ಮೊದಲನೆಯದು, ಅದಕ್ಕೆ ನೂಕುನುಗ್ಗಲು. ಎರಡನೆಯದು ವಂಶವಾಹಿಗಳ ಮಾಹಿತಿ. ಮೂರನೆಯದು ಜನಸಮೂಹದ ಆರೋಗ್ಯದ ಅಂಕಿಅಂಶ: ಎಲ್ಲಿ ಯಾವ ಜ್ವರ ಏರುತ್ತಿದೆ, ಯಾವ ಲಸಿಕೆ ಎಷ್ಟು ಮಂದಿಗೆ ತಲುಪಿದೆ ಎಂಬ ಲೆಕ್ಕ. ನಾಲ್ಕನೆಯದು ಆಸ್ಪತ್ರೆಗಳ ದಾಖಲೆಗಳನ್ನು ಒಂದಕ್ಕೊಂದು ಹೊಂದಿಸುವುದು. ಐದನೆಯದು ರೋಗಿಯ ಹಾಸಿಗೆ ಪಕ್ಕದಲ್ಲಿ ಡಾಕ್ಟರುಗಳೂ ನರ್ಸುಗಳೂ ಬಳಸುವ ಕಂಪ್ಯೂಟರ್ ವ್ಯವಸ್ಥೆ. ಅದನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ವಾರ್ಡುಗಳಲ್ಲಿ ತಿಂಗಳುಗಟ್ಟಲೆ ಕೂತು ಬರೆದುಕೊಳ್ಳುವ ಕೆಲಸ ಯಾರಿಗೆ ಬೇಕು?

ಸಿಸ್ಟರಕ್ಕ ಮೂರನೇ ಚೌಕಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟಿದ್ದಳು. ಶುಕ್ರವಾರದೊಳಗೆ ಪೆನ್ನಿನಲ್ಲಿ ತಿದ್ದಿ ಕೊಡಬೇಕು. ಅವಳ ಗೈಡ್ ಮೇಡಂ, ಅರವತ್ತರ ಹತ್ತಿರದ, ಮಾತು ಕಡಿಮೆಯ ಹೆಂಗಸು, ಅದನ್ನು ನೋಡಿ ಹುಬ್ಬೇರಿಸಿದ್ದರು.

"ಇಪ್ಪತ್ತೊಂದು ವರ್ಷ ಹಾಸಿಗೆ ಪಕ್ಕದಲ್ಲಿ ನಿಂತವರು ನೀವು. ಐದನೇದು ಯಾಕೆ ಬೇಡ?"

"ನಿಂತೂ ನಿಂತೂ ಕಾಲು ಸೋತಿದೆ ಮೇಡಂ. ಇನ್ನು ಕೂತು ಲೆಕ್ಕ ಮಾಡ್ತೀನಿ" ಎಂದು ಸಿಸ್ಟರಕ್ಕ ತಮಾಷೆ ಮಾಡಿ ತಪ್ಪಿಸಿಕೊಂಡಿದ್ದಳು. ಮೇಡಂ ನಕ್ಕಿರಲಿಲ್ಲ.

ನಿಜ ಸಂಗತಿ ಅವಳ ಗಂಡನಿಗೆ ಮಾತ್ರ ಗೊತ್ತಿತ್ತು. ಅವಳು ವಾರ್ಡು ಬಿಟ್ಟದ್ದು ಓದುವ ಆಸೆಯಿಂದಲ್ಲ. ಸಾವಿರಾರು ಜನರನ್ನು ಒಂದು ಗೆರೆಯಾಗಿ ತೋರಿಸುವ ಅಂಕಿಅಂಶದಲ್ಲಿ ಒಬ್ಬೊಬ್ಬರ ಮುಖ ಕಾಣುವುದಿಲ್ಲ. ಅವಳಿಗೆ ಬೇಕಾಗಿದ್ದದ್ದು ಅದೇ.

ಸೋಮವಾರ ಮಧ್ಯಾಹ್ನ ಸೆಮಿನಾರ್ ಇತ್ತು. ಮಾತನಾಡಬೇಕಾದವನು ಅವಳ ಸಹಪಾಠಿ ಪಟಾಕಿ. ಹುಡುಗನ ಬಾಯಿ ಒಮ್ಮೆ ಹೊತ್ತಿಕೊಂಡರೆ ಸರ ಮುಗಿಯುವವರೆಗೆ ನಿಲ್ಲದ ಕಾರಣ ಬಂದ ಹೆಸರು. ಬುದ್ಧಿವಂತ, ಕೆಟ್ಟವನಲ್ಲ, ಆದರೆ ಎದುರಿಗಿರುವವರು ಉಸಿರಾಡಬೇಕೆಂಬುದು ಅವನಿಗೆ ನೆನಪಿರುತ್ತಿರಲಿಲ್ಲ. ಕೆಲವು ಆಸ್ಪತ್ರೆಗಳು ರೋಗಿಗಳ ಮತ್ತು ಸಿಬ್ಬಂದಿಯ ಹೆಸರು ಅಳಿಸಿ ಸಂಖ್ಯೆ ಹಾಕಿ, ತಾರೀಖು ಹಿಂದುಮುಂದು ಮಾಡಿ, ಸಂಶೋಧನೆಗೆಂದು ಕೊಟ್ಟ ದಾಖಲೆಗಳನ್ನು ಅವನು ಜಾಲಾಡಿದ್ದ. ಪರದೆಯ ಮೇಲೆ ಒಂದು ಉದಾಹರಣೆ ಬಂತು.

"ಇದು ನೋಡಿ. ಐವತ್ತೆರಡು ವರ್ಷದ ಗಂಡಸು. ಪಾದ ಜಜ್ಜಿ ಗಾಯ ಕೀವಾಗಿದೆ. ದಿನಕ್ಕೊಂದು ಇಂಜೆಕ್ಷನ್. ಈ ಔಷಧಿ ಕಿಡ್ನಿ ಸರಿಯಿಲ್ಲದವರಿಗೆ ಹೆಚ್ಚಾದ್ರೆ ಕಿವಿ ಹೋಗುತ್ತೆ. ಎರಡನೇ ದಿನ ಕಿಡ್ನಿ ಪರೀಕ್ಷೆಯ ಫಲಿತಾಂಶ ಕೆಟ್ಟದಾಗಿ ಬಂತು. ಕಂಪ್ಯೂಟರ್ ತನ್ನ ಕೆಲಸ ಸರಿಯಾಗೇ ಮಾಡಿದೆ. 'ಔಷಧಿಯ ಪ್ರಮಾಣದ ಬಗ್ಗೆ ವೈದ್ಯರನ್ನು ಕೇಳಿ' ಅಂತ ಎಚ್ಚರಿಕೆ ಕೊಟ್ಟಿದೆ. ಒಂದಲ್ಲ, ಒಂಬತ್ತು ಸಲ! ಡಾಕ್ಟರಿಗೆ ಒಂದು ಸಲ, ನರ್ಸುಗಳಿಗೆ ಎಂಟು ಸಲ. ಒಂಬತ್ತೂ ಸಲ ಏನು ಮಾಡಿದಾರೆ ಗೊತ್ತಾ? 'ನೋಡಿದ್ದೇನೆ' ಅನ್ನೋ ಗುಂಡಿ ಒತ್ತಿ ಮುಂದೆ ಹೋಗಿದಾರೆ."

ಸಿಸ್ಟರಕ್ಕ ಪೆನ್ನು ಕೆಳಗಿಟ್ಟಳು. ಪಾದದ ಗಾಯ ಎಷ್ಟೋ ಜನಕ್ಕೆ ಆಗುತ್ತದೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು.

"ಐದನೇ ದಿನ ರೋಗಿಯನ್ನ ಸ್ಕ್ಯಾನಿಂಗ್‌ಗೆ ಕರ್ಕೊಂಡು ಹೋಗಿದ್ರಂತೆ, ಎರಡು ಗಂಟೆ ತಡ ಆಗಿದೆ. ಬಂದ ತಕ್ಷಣ ಬಳಕೆದಾರ ಹದಿನೇಳು ಅನ್ನೋ ನರ್ಸ್ ಇಂಜೆಕ್ಷನ್ ಕೊಟ್ಟಿದಾರೆ. ಎಚ್ಚರಿಕೆ ಬಂದಿದ್ದಕ್ಕೂ ಗುಂಡಿ ಒತ್ತಿದ್ದಕ್ಕೂ ನಡುವೆ ಎಷ್ಟು ಹೊತ್ತು? ಒಂದು ಸೆಕೆಂಡಿಗಿಂತ ಕಮ್ಮಿ. ಕಣ್ಣು ಮಿಟುಕಿಸೋಕೂ ಅಷ್ಟು ಹೊತ್ತು ಬೇಕು. ಹದಿನೇಳು ಅಂತೂ ಸೂಪರ್ ಫಾಸ್ಟ್!"

ಕೋಣೆಯಲ್ಲಿ ನಗು ಎದ್ದಿತು.

ಎರಡು ಗಂಟೆ ತಡ. ಸ್ಕ್ಯಾನಿಂಗ್ ಕೋಣೆಯ ಹೊರಗೆ ಆ ಮನುಷ್ಯ ತಳ್ಳುಗಾಡಿಯ ಮೇಲೆ ಮಲಗಿ, ಗಾಡಿಯ ಚಕ್ರದ ಕಿರ್ರೆನ್ನುವ ಸದ್ದು ಕೇಳಿ, "ಸಿಸ್ಟರ್, ಎಡಗಡೆ ಹಿಂದಿನ ಚಕ್ರಕ್ಕೆ ಎಣ್ಣೆ ಬಿಡಿಸಿ" ಎಂದದ್ದು ಅವಳ ನೆನಪಿಗೆ ಬಂತು. ಅವನು ಕಾರು ಮೆಕ್ಯಾನಿಕ್. ಜಾಕ್ ಜಾರಿ ಪಾದದ ಮೇಲೆ ಬಿದ್ದಿತ್ತು. ಇಂಜಿನ್ನಿನ ಸದ್ದು ಕೇಳಿಯೇ ಕಾಯಿಲೆ ಹೇಳುತ್ತೇನೆಂದು ವಾರ್ಡಿನಲ್ಲಿ ಎಲ್ಲರ ಹತ್ತಿರ ಜಂಬ ಕೊಚ್ಚಿಕೊಳ್ಳುತ್ತಿದ್ದ. ಕಾಲು ವಾಸಿಯಾಗಿ ಮನೆಗೆ ಹೋದ. ಕಿವಿ ಹೋಯಿತು. ಬಳಕೆದಾರ ಹದಿನೇಳು ಅವಳೇ.

ನಗು ನಿಂತ ಮೇಲೆ ಅವಳು ಕೈಯೆತ್ತಿದಳು. "ಅವತ್ತು ಬೆಳಿಗ್ಗೆಯಿಂದ ಆ ಹದಿನೇಳಕ್ಕೆ ಒಟ್ಟು ಎಷ್ಟು ಎಚ್ಚರಿಕೆ ಬಂದಿತ್ತು?"

ಪಟಾಕಿ ಮೊದಲ ಬಾರಿ ತಡವರಿಸಿದ. "ಅದು... ನಾನು ಈ ರೋಗಿಯ ದಾಖಲೆ ಮಾತ್ರ ತೆಗೆದಿದ್ದು, ಸಿಸ್ಟರಕ್ಕ. ನೋಡಿ ಹೇಳ್ತೀನಿ."

ಹುಡುಗ ಮಾತಿಗೆ ತಪ್ಪಲಿಲ್ಲ. ಸಂಜೆ ಕ್ಯಾಂಟೀನಿನಲ್ಲಿ ಅವಳು ಚಹಾ ಮುಂದಿಟ್ಟುಕೊಂಡು ಕೂತಿದ್ದಾಗ ಲ್ಯಾಪ್‌ಟಾಪ್ ಹೊತ್ತುಕೊಂಡು ಓಡಿಬಂದ. ಮುಖ ಸಪ್ಪೆಯಾಗಿತ್ತು.

"ನೂರ ನಲವತ್ತಮೂರು" ಎಂದ. "ಒಂದು ಶಿಫ್ಟಿನಲ್ಲಿ. ಸರಾಸರಿ ಮೂರೂವರೆ ನಿಮಿಷಕ್ಕೆ ಒಂದು. ರೋಗಿಯ ತೂಕ ಈ ತಿಂಗಳು ಬರೆದಿಲ್ಲ ಅಂತ, ನಿನ್ನೆ ಕೊಟ್ಟ ಮಾತ್ರೇನೇ ಇವತ್ತೂ ಕೊಡ್ತಿದೀರಿ ಅಂತ, ಊಟದ ನಂತರದ ಔಷಧಿ ಊಟದ ನಂತರ ಕೊಡಿ ಅಂತ. ಎಲ್ಲಾ ಒಂದೇ ಹಳದಿ ಚೌಕದಲ್ಲಿ, ಒಂದೇ ಗುಂಡಿ."

"ಅದ್ರಲ್ಲಿ ನಿಜವಾಗ್ಲೂ ನಿಂತು ಯೋಚನೆ ಮಾಡಬೇಕಾಗಿದ್ದು ಎಷ್ಟು?"

"ನಾನು ನೋಡಿದ ಮಟ್ಟಿಗೆ ನಾಲ್ಕು. ಇದೂ ಒಂದು." ಅವನು ಪರದೆ ಮುಚ್ಚಿದ. "ನಾನು ಸೂಪರ್ ಫಾಸ್ಟ್ ಅಂದದ್ದು ತಪ್ಪಾಯ್ತು."

ಹುಡುಗ ಪಾಪ, ತನ್ನ ಬಾಯಿಯಿಂದ ಬಿದ್ದ ಮಾತಿಗೆ ತಾನೇ ಸಂಕಟಪಡುತ್ತಿದ್ದ. ಅವನ ಹೆಗಲು ತಟ್ಟಿ ಎದ್ದಳು. ನೂರ ನಲವತ್ತಮೂರು ಎಂಬ ಸಂಖ್ಯೆಯಿಂದ ಎದೆಯ ಮೇಲಿನ ಕಲ್ಲು ಇಳಿಯಬೇಕಿತ್ತು. ಇಳಿಯಲಿಲ್ಲ. ಒಂಬತ್ತು ಎಚ್ಚರಿಕೆಗಳಲ್ಲಿ ಮೂರು ಅವಳ ಬೆರಳಿನಲ್ಲೇ ಹೋಗಿದ್ದವು.

ಮರುದಿನ ಗೈಡ್ ಮೇಡಂ ಹತ್ತಿರ ಹೋಗಿ, ಬಾಗಿಲು ಹಾಕಿ, ಎಲ್ಲವನ್ನೂ ಹೇಳಿದಳು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೊದಲು ಒಂದು ವಿಷಯ. ಹೆಸರು ಅಳಿಸಿದ ದಾಖಲೆಯಲ್ಲಿ ನೀವು ನಿಮ್ಮನ್ನೇ ಗುರುತು ಹಿಡಿದಿರಿ ಅಂದ್ರೆ, ಅದನ್ನ ನಾನು ಸಂಶೋಧನಾ ನೀತಿ ಸಮಿತಿಗೆ ತಿಳಿಸ್ಲೇಬೇಕು. ಆ ಉದಾಹರಣೆಯನ್ನ ಇನ್ನು ಯಾರೂ ಬಳಸೋ ಹಾಗಿಲ್ಲ."

"ಸರಿ ಮೇಡಂ."

"ಆಸ್ಪತ್ರೆ ಆವಾಗ ಏನು ಮಾಡಿತು?"

"ವಿಚಾರಣೆ ಆಯ್ತು. ನಮಗೆಲ್ಲ ಒಂದೊಂದು ಎಚ್ಚರಿಕೆ ಪತ್ರ ಕೊಟ್ರು." ಹೇಳುತ್ತಿದ್ದಂತೆ ಅವಳಿಗೇ ನಗು ಬಂತು, ಕಣ್ಣೂ ತುಂಬಿತು. "ನೂರ ನಲವತ್ತಮೂರರ ಮೇಲೆ ಇನ್ನೊಂದು."

ಮೇಡಂ ಈ ಸಲ ನಕ್ಕರು. "ಈಗ ಐದನೇ ಚೌಕ ತುಂಬಬೇಕು ಅನ್ನಿಸ್ತಿದೆಯಾ?"

"ಗೊತ್ತಾಗ್ತಿಲ್ಲ."

"ತುಂಬಿದ್ರೆ ಕಷ್ಟ ಇದೆ. ಪುಸ್ತಕವನ್ನ ಮೂಗಿಗೆ ಅಂಟಿಸಿಕೊಂಡ್ರೆ ಅಕ್ಷರ ಕಾಣಲ್ಲ. ನೀವು ನರ್ಸುಗಳ ತಪ್ಪೇ ಇಲ್ಲ ಅಂತ ಸಾಧಿಸೋಕೆ ಹೊರಟ್ರೆ ನಾನು ಮೊದಲ ಪುಟದಲ್ಲೇ ತಡೀತೀನಿ. ಎಲ್ಲಾ ನನ್ನದೇ ತಪ್ಪು ಅಂತ ಅಳೋಕೆ ಹೊರಟ್ರೂ ತಡೀತೀನಿ. ಶುಕ್ರವಾರದವರೆಗೆ ಯೋಚಿಸಿ."

ಮನೆಯಲ್ಲಿ ಗಂಡ ಮಕ್ಕಳ ಚಿತ್ರಗಳಿಗೆ ಅಂಕ ಹಾಕುತ್ತಾ ಕೂತಿದ್ದ. ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಅವಳು ಊಟದ ಮೇಜಿನ ಬಳಿ ಕೂತು ಸೆಮಿನಾರಿನ ಕಥೆ ಹೇಳಿದಳು. ಅತ್ತೆ ಟಿವಿ ನೋಡುತ್ತಿದ್ದಾರೆ, ಕೇಳಿಸುವುದಿಲ್ಲ ಎಂದುಕೊಂಡಿದ್ದಳು.

"ಮೂರನೇದನ್ನೇ ತಗೋ" ಎಂದ ಗಂಡ. "ಒಂದೂವರೆ ವರ್ಷ ನೀನು ನಿದ್ದೆಯಲ್ಲಿ ಬೆರಳು ಒತ್ತುತ್ತಿದ್ದೆ, ನಿನಗೆ ಗೊತ್ತಾ? ಹಾಸಿಗೆ ಮೇಲೆ, ಹೀಗೆ, ಹೀಗೆ. ನಾನು ಕೈ ಹಿಡ್ಕೊಂಡು ಮಲಗ್ತಿದ್ದೆ. ಈಗ ನಿಂತಿದೆ. ಮತ್ತೆ ಯಾಕೆ ಕೆದಕ್ತೀಯ?"

ಅವಳಿಗೆ ಅದು ಗೊತ್ತೇ ಇರಲಿಲ್ಲ. "ಹೇಳ್ಲೇ ಇಲ್ವಲ್ರೀ" ಎಂದಳು ಮೆಲ್ಲಗೆ.

ಟಿವಿಯ ಸದ್ದು ನಿಂತಿತು. ಅತ್ತೆ ಮಂಡಿ ಹಿಡಿದುಕೊಂಡು ಎದ್ದು ಬಂದು ಕುರ್ಚಿ ಎಳೆದು ಕೂತರು. ಮಗ ಸೊಸೆ ಇಬ್ಬರನ್ನೂ ನೋಡಿದರು.

"ಆ ಮನುಷ್ಯನಿಗೆ ಗೊತ್ತಾ?"

"ಯಾರಿಗೆ ಅತ್ತೆ?"

"ಕಿವಿ ಕಳ್ಕೊಂಡವನಿಗೆ. ತನ್ನ ಕಿವಿ ಯಾಕೆ ಹೋಯ್ತು ಅಂತ ಅವನಿಗೆ ಗೊತ್ತಾ?"

"ಔಷಧಿಯ ಅಡ್ಡಪರಿಣಾಮ ಅಂತ ಹೇಳಿ ಕಳಿಸಿದ್ರು. ಎಚ್ಚರಿಕೆ ಬಂದಿತ್ತು ಅಂತ ಹೇಳ್ಲಿಲ್ಲ."

"ಮತ್ತೆ ಇಲ್ಲಿ ಕೂತು ಯಾವ ಚೌಕ, ಯಾವ ಚೌಕ ಅಂತಿದೀಯಲ್ಲೇ. ಮೊದ್ಲು ಅಲ್ಲಿಗೆ ಹೋಗಿ ಬಾ" ಎಂದರು ಅತ್ತೆ, ಅಂಗಡಿಗೆ ಹೋಗಿ ಬಾ ಎನ್ನುವಷ್ಟು ಸಲೀಸಾಗಿ.

ಮೆಕ್ಯಾನಿಕ್‌ನ ಗ್ಯಾರೇಜು ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು. ವಾರ್ಡಿನಲ್ಲಿದ್ದಾಗ ಅವನು ಎಲ್ಲ ನರ್ಸುಗಳಿಗೂ ದಾರಿ ಹೇಳಿ, ಗಾಡಿ ಕೆಟ್ಟರೆ ತನ್ನಲ್ಲಿಗೇ ತರಬೇಕೆಂದು ಮಾತು ತೆಗೆದುಕೊಂಡಿದ್ದ. ಗುರುವಾರ ಬೆಳಿಗ್ಗೆ ಅವಳು ಬಸ್ಸಿಳಿದು, ಟಯರು ಅಂಗಡಿಗಳ ಸಾಲು ದಾಟಿ ಹೋದಳು. ತಗಡಿನ ಮಾಡಿನ ಕೆಳಗೆ ಎರಡು ಕಾರು. ಅವನು ಒಂದರ ಬಾನೆಟ್ಟಿನೊಳಗೆ ತಲೆ ಹಾಕಿ, ಎರಡೂ ಅಂಗೈಗಳನ್ನು ಓಡುತ್ತಿದ್ದ ಇಂಜಿನ್ನಿನ ಅಂಚಿಗೆ ಒತ್ತಿ, ಕಣ್ಣು ಮುಚ್ಚಿ ನಿಂತಿದ್ದ. ಬಾಗಿಲ ಬಳಿ ಮೇಜಿನ ಹಿಂದೆ ಅವನ ಹೆಂಡತಿ ಕೂತಿದ್ದಳು. ಗಿರಾಕಿಗಳು ಅವಳಿಗೆ ಹೇಳುತ್ತಾರೆ, ಅವಳು ನೋಟ್‌ಬುಕ್ಕಿನಲ್ಲಿ ಬರೆದು ಅವನಿಗೆ ತೋರಿಸುತ್ತಾಳೆ. ಈಗ ಗ್ಯಾರೇಜು ಹಾಗೆ ನಡೆಯುತ್ತಿತ್ತು.

ಅವನು ತಲೆಯೆತ್ತಿದವನೇ ಗುರುತು ಹಿಡಿದ. "ಅರೆ, ಸಿಸ್ಟರ್! ಗಾಡಿ ತಂದಿದೀರಾ?" ಎಂದು ಕೂಗಿದ. ತನ್ನ ಧ್ವನಿ ಎಷ್ಟು ಜೋರು ಎಂದು ಅವನಿಗೆ ತಿಳಿಯುತ್ತಿರಲಿಲ್ಲ. ಬೀದಿಯ ಆಚೆಯವರೂ ತಿರುಗಿ ನೋಡಿದರು.

ಇಲ್ಲ ಎಂದು ತಲೆಯಾಡಿಸಿ, ಅವಳು ನೋಟ್‌ಬುಕ್ ಕೇಳಿದಳು. ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದಳು. ಪೆನ್ನು ಹಿಡಿದಾಗ ಒಂದೂ ಉಳಿದಿರಲಿಲ್ಲ. ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಬರೆದಳು: ನಿಮ್ಮ ಕಿಡ್ನಿ ಪರೀಕ್ಷೆ ಕೆಟ್ಟದಾಗಿ ಬಂದಿತ್ತು. ಇಂಜೆಕ್ಷನ್ ಕಡಿಮೆ ಮಾಡಬೇಕೇ ಎಂದು ಡಾಕ್ಟರನ್ನು ಕೇಳಿ ಎಂದು ಕಂಪ್ಯೂಟರ್ ಒಂಬತ್ತು ಸಲ ಹೇಳಿತು. ನಾವು ಯಾರೂ ಓದಲಿಲ್ಲ. ಒಂಬತ್ತರಲ್ಲಿ ಮೂರು ಸಲ ನಾನು. ಇದನ್ನು ನಿಮಗೆ ಹೇಳಬೇಕಿತ್ತು, ಹೇಳಲಿಲ್ಲ. ತಪ್ಪಾಯಿತು.

ಅವನು ಕೈಯ ಎಣ್ಣೆ ಒರೆಸಿಕೊಂಡು ಓದಿದ. ಇನ್ನೊಮ್ಮೆ ಓದಿದ. ನೋಟ್‌ಬುಕ್ಕನ್ನು ಹೆಂಡತಿಯ ಕಡೆ ಚಾಚಿದ. ಇಂಜಿನ್ ಓಡುತ್ತಲೇ ಇತ್ತು, ಅವನಿಗೆ ಅದು ಕೇಳುತ್ತಿರಲಿಲ್ಲ. ಹೆಂಡತಿ ಎದ್ದು ಹೋಗಿ ಕೀಲಿ ತಿರುಗಿಸಿ ನಿಲ್ಲಿಸಿ ಬಂದು ಓದಿದಳು.

"ನಮ್ಮ ಹಣೆಬರಹ ಅಂದ್ಕೊಂಡಿದ್ವಿ" ಎಂದಳು. ಧ್ವನಿ ಏರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಎರಡು ವರ್ಷ. ಇವರು ರಾತ್ರಿಯೆಲ್ಲ ಕಿವಿಯಲ್ಲಿ ಗುಂಯ್ ಅನ್ನುತ್ತೆ ಅಂತ ತಲೆ ಚಚ್ಚಿಕೊಳ್ತಿದ್ರು. ಆಮೇಲೆ ಅದೂ ನಿಂತುಹೋಯ್ತು. ನೀವು ಎಷ್ಟು ಚೆನ್ನಾಗಿ ನೋಡ್ಕೊಂಡ್ರಿ ಅಂತ ಮನೆಯಲ್ಲಿ ಎಲ್ಲರ ಹತ್ರ ಹೇಳಿದೀನಿ ನಾನು. ಎಲ್ಲರ ಹತ್ರ."

ಸಿಸ್ಟರಕ್ಕ ತಲೆ ತಗ್ಗಿಸಿ ನಿಂತಳು.

"ಅದ್ಯಾಕೆ ಓದ್ಲಿಲ್ಲ?" ಮೆಕ್ಯಾನಿಕ್ ಕೇಳಿದ. ಬೀದಿಗೆಲ್ಲ ಕೇಳಿಸಿತು. ಕೋಪಕ್ಕಿಂತ ಹೆಚ್ಚಾಗಿ, ಬಿಚ್ಚಿದ ಯಂತ್ರದ ಮುಂದೆ ಕೂತವನ ಕುತೂಹಲ ಆ ದನಿಯಲ್ಲಿತ್ತು.

ಅವಳು ಬರೆದಳು: ದಿನಕ್ಕೆ ನೂರಕ್ಕಿಂತ ಹೆಚ್ಚು ಬರುತ್ತಿತ್ತು. ಎಲ್ಲ ಒಂದೇ ಥರ. ಕೆಲಸಕ್ಕೆ ಬರುತ್ತಿದ್ದದ್ದು ನಾಲ್ಕೈದು.

ಅವನು ಅದನ್ನು ಓದಿ ಗಲ್ಲ ಕೆರೆದುಕೊಂಡ. ನಿಂತಿದ್ದ ಕಾರಿನ ಬಾಗಿಲು ತೆಗೆದು ಅವಳನ್ನು ಕರೆದ. ಸ್ಟೀರಿಂಗ್ ಹಿಂದಿನ ಫಲಕದಲ್ಲಿ ಒಂದು ಕಡೆ ಕಪ್ಪು ಟೇಪಿನ ತುಂಡು ಅಂಟಿತ್ತು.

"ಇದು ನೋಡಿ. ಗಿರಾಕಿಯೇ ಹಚ್ಚಿದ್ದು. ಈಗಿನ ಗಾಡಿಗಳಲ್ಲಿ ಎಲ್ಲದಕ್ಕೂ ಹಳದಿ ದೀಪ. ಪೆಟ್ರೋಲ್ ಮುಚ್ಚಳ ಸಡಿಲ ಆದ್ರೂ ಅದೇ, ಇಂಜಿನ್ ಸುಟ್ಟುಹೋಗ್ತಿದ್ರೂ ಅದೇ. ಜನ ನನ್ನ ಹತ್ರ ಬಂದು, ದೀಪ ತೆಗೆದುಹಾಕಪ್ಪಾ ಅಂತಾರೆ. ಯಾಕೆ ಹತ್ತುತ್ತೆ ಅಂತ ಒಬ್ಬನೂ ಕೇಳಲ್ಲ. ನಾನೂ ಎಷ್ಟೋ ಗಾಡಿಗೆ ಬಲ್ಬ್ ಕಿತ್ತು ಕೊಟ್ಟಿದೀನಿ." ಆಮೇಲೆ ಧ್ವನಿ ಬದಲಾಯಿಸಿ, "ಆದ್ರೆ ನಾನು ಗಾಡಿ ಅಲ್ಲ, ಸಿಸ್ಟರ್" ಎಂದ.

ಅವನು ಮತ್ತೆ ಬಾನೆಟ್ಟಿನ ಬಳಿ ಹೋಗಿ, ಅವಳಿಗೆ ಬೆನ್ನು ಮಾಡಿ ನಿಂತ. ಅವಳಿಗೆ ಅಲ್ಲಿಂದ ಓಡಿಹೋಗಬೇಕು ಎನ್ನಿಸಿತು. ಹೆಂಡತಿ ನೋಟ್‌ಬುಕ್ಕಿನ ಆ ಹಾಳೆಯನ್ನು ಬೆರಳಿನಿಂದ ಬಡಿದಳು.

"ಇದಕ್ಕೆ ಸಹಿ ಹಾಕಿ. ತಾರೀಖೂ ಬರೀರಿ. ನಾವು ಆಸ್ಪತ್ರೆಗೆ ಹೋಗ್ತೀವಿ."

ಸಹಿ ಹಾಕಿದರೆ ಏನಾಗಬಹುದೆಂದು ಅವಳಿಗೆ ಗೊತ್ತಿತ್ತು. ರಜೆ ರದ್ದಾಗಬಹುದು, ಕೆಲಸವೂ ಹೋಗಬಹುದು. ಒಂದು ಕ್ಷಣ ಪೆನ್ನು ಗಾಳಿಯಲ್ಲೇ ನಿಂತಿತು. ಆಮೇಲೆ ತನ್ನ ಪೂರ್ತಿ ಹೆಸರು, ಹುದ್ದೆ, ತಾರೀಖು ಬರೆದು ಸಹಿ ಮಾಡಿದಳು. ಹೆಂಡತಿ ಹಾಳೆ ಹರಿದು ಮಡಚಿ ರವಿಕೆಯೊಳಗೆ ಇಟ್ಟುಕೊಂಡಳು. ಕೂತ್ಕೊಳ್ಳಿ ಎಂದೂ ಹೇಳಲಿಲ್ಲ, ಹೋಗಿ ಎಂದೂ ಹೇಳಲಿಲ್ಲ.

ಶುಕ್ರವಾರ ಸಿಸ್ಟರಕ್ಕ ಮೂರನೇ ಚೌಕದ ಪೆನ್ಸಿಲ್ ಗುರುತನ್ನು ರಬ್ಬರಿನಿಂದ ಉಜ್ಜಿ, ಐದನೆಯದಕ್ಕೆ ಪೆನ್ನಿನಲ್ಲಿ ಗುರುತು ಹಾಕಿದಳು. ವಿಷಯ ಎಂಬ ಸಾಲಿನಲ್ಲಿ, 'ವಾರ್ಡಿನ ಕಂಪ್ಯೂಟರ್ ಕೊಡುವ ಎಚ್ಚರಿಕೆಗಳಲ್ಲಿ ಯಾವುದನ್ನು ಓದುತ್ತಾರೆ, ಯಾವುದನ್ನು ಓದುವುದಿಲ್ಲ, ಏಕೆ' ಎಂದು ಬರೆದಳು. ಮೇಡಂ ಓದಿ, "ಉದ್ದ ಆಯ್ತು. ಇರಲಿ, ಅರ್ಥ ಆಗುತ್ತೆ" ಎಂದು ಸಹಿ ಹಾಕಿದರು.

"ಇದಕ್ಕೆ ದೊಡ್ಡ ಯಂತ್ರ ಇಲ್ಲ, ದೊಡ್ಡ ಹೆಸರೂ ಬರಲ್ಲ" ಎಂದು ಆಮೇಲೆ ಹೇಳಿದರು.

"ಗೊತ್ತು ಮೇಡಂ."

"ಕಾಲು ನೋವು?"

"ಇದೆ" ಎಂದಳು.

ಮುಂದಿನ ನಾಲ್ಕು ತಿಂಗಳು ಸುಲಭವಾಗಿರಲಿಲ್ಲ. ಮೆಕ್ಯಾನಿಕ್ ಮತ್ತು ಅವನ ಹೆಂಡತಿ ಹಾಳೆ ಹಿಡಿದು ಆಸ್ಪತ್ರೆಗೆ ಹೋದರು. ಮುಚ್ಚಿದ್ದ ಕಡತ ಮತ್ತೆ ತೆರೆಯಿತು. ಅವಳನ್ನು ಮೂರು ಸಲ ವಿಚಾರಣೆಗೆ ಕರೆದರು. ಅದೇ ವಾರ್ಡಿನಲ್ಲಿ ಜೊತೆಗಿದ್ದ ಗೆಳತಿ, ಒಂಬತ್ತರಲ್ಲಿ ಮೂರು ಸಲ ಗುಂಡಿ ಒತ್ತಿದ್ದವಳು, ಫೋನು ಮಾಡಿ ಬಾಯಿಗೆ ಬಂದ ಹಾಗೆ ಬೈದಳು. "ನಿನಗೇನಮ್ಮಾ, ಓದೋಕೆ ಹೋಗಿ ದೊಡ್ಡವಳಾದೆ. ಇಲ್ಲಿ ದಿನಾ ಡ್ಯೂಟಿ ಮಾಡೋರು ನಾವು. ನಮ್ಮನ್ನ ಬೀದಿಗೆ ತಂದೆ." ಹದಿನಾಲ್ಕು ವರ್ಷದ ಸ್ನೇಹ ಅಲ್ಲಿಗೆ ಮುಗಿಯಿತು. ಸಿಸ್ಟರಕ್ಕ ಎರಡು ದಿನ ಊಟ ಬಿಟ್ಟಳು. ಮೂರನೇ ದಿನ ಅತ್ತೆ ತಟ್ಟೆ ತಂದು ಎದುರಿಗಿಟ್ಟು, "ನೀನು ಉಪವಾಸ ಮಾಡಿದ್ರೆ ಯಾರ ಕಿವಿ ವಾಪಸ್ ಬರುತ್ತೆ, ಹೇಳು ನೋಡೋಣ" ಎಂದ ಮೇಲೆ ತಿಂದಳು.

ವಿಚಾರಣೆಯಲ್ಲಿ ಒಳ್ಳೆಯದೂ ಆಯಿತು. ಒಂಬತ್ತು ಎಚ್ಚರಿಕೆಗಳ ಬಗ್ಗೆ ಅವಳು ಹೇಳಿದ್ದು ನಿಜವೇ ಎಂದು ಆಸ್ಪತ್ರೆಯವರು ತಮ್ಮ ದಾಖಲೆ ತೆಗೆದು ನೋಡಿದರು, ನಿಜವಾಗಿತ್ತು. ಆಸ್ಪತ್ರೆ ಮೆಕ್ಯಾನಿಕ್‌ಗೆ ಏನು ನಡೆಯಿತೆಂದು ಪತ್ರ ಬರೆದು ಒಪ್ಪಿಕೊಂಡಿತು, ಕಿವಿಗೆ ಯಂತ್ರ ಹಾಕಿಸಿತು. ಒಂದು ಕಿವಿಗೆ ಅದು ಹತ್ತಿತು, ಇನ್ನೊಂದಕ್ಕೆ ಹತ್ತಲಿಲ್ಲ. ಅವಳ ಕೆಲಸ ಉಳಿಯಿತು, ಒಂದು ಬಡ್ತಿ ತಪ್ಪಿತು. ಮೆಕ್ಯಾನಿಕ್ ಅವಳನ್ನು ಕ್ಷಮಿಸಿದನೋ ಇಲ್ಲವೋ, ಅವಳಿಗೆ ಯಾವತ್ತೂ ತಿಳಿಯಲಿಲ್ಲ. ಕೊನೆಯ ವಿಚಾರಣೆಯ ದಿನ ಮೆಟ್ಟಿಲ ಮೇಲೆ ಎದುರಾದಾಗ ಅವನು ನಿಂತು, "ಹಳದಿ ದೀಪ ರಿಪೇರಿ ಮಾಡ್ತಿದೀರಂತೆ?" ಎಂದು ಕೇಳಿದ. ಹೌದೆಂದು ತಲೆಯಾಡಿಸಿದಳು. "ಮಾಡಿ" ಎಂದು ಹೇಳಿ ಇಳಿದು ಹೋದ. ಹೆಂಡತಿ ಅವಳ ಮುಖ ನೋಡದೆ ಹಿಂದೆಯೇ ಇಳಿದಳು.

ಆ ಆಸ್ಪತ್ರೆ ಅವಳ ಸಂಶೋಧನೆಗೆ ಅನುಮತಿ ಕೊಡಲಿಲ್ಲ. ಕೊಡುತ್ತದೆಂದು ಅವಳೂ ಅಂದುಕೊಂಡಿರಲಿಲ್ಲ. ಪಟಾಕಿ ಏಳು ಆಸ್ಪತ್ರೆಗಳಿಗೆ ಪತ್ರ ಬರೆಯಲು ಸಹಾಯ ಮಾಡಿದ. ಅವಳು ಬೇಡವೆಂದರೂ ಎಲ್ಲ ಕಡೆ ಅವನೇ ಫೋನು ಮಾಡಿ ತಲೆ ತಿಂದ. ಕಡೆಗೆ ಎಂಬತ್ತು ಹಾಸಿಗೆಯ ಒಂದು ಸಣ್ಣ ಆಸ್ಪತ್ರೆ, ಬಹುಶಃ ಅವನ ಕಾಟ ತಪ್ಪಿದರೆ ಸಾಕೆಂದು, ಒಪ್ಪಿಕೊಂಡಿತು. ಲೆಕ್ಕದ ಭಾಗವನ್ನು ತಾನು ನೋಡಿಕೊಳ್ಳುತ್ತೇನೆ ಎಂದು ಅವನು ಸ್ಕ್ಯಾನು ಓದಿಸುವ ತನ್ನ ಕೆಲಸದ ನಡುವೆಯೇ ವಾರಕ್ಕೊಂದು ದಿನ ಬಿಡುವು ಮಾಡಿಕೊಂಡ. ಬಳಕೆದಾರ ಹದಿನೇಳು ಯಾರೆಂದು ಅವನಿಗೆ ಅಷ್ಟರಲ್ಲಿ ಗೊತ್ತಾಗಿತ್ತು. ಅವಳೇ ಹೇಳಿದ್ದಳು. ಅವತ್ತು ಅವನು ಪೂರ್ತಿ ಹತ್ತು ನಿಮಿಷ ಮಾತಾಡಿರಲಿಲ್ಲ.

ಆ ಸಣ್ಣ ಆಸ್ಪತ್ರೆಯ ಎರಡನೇ ಮಹಡಿಯ ವಾರ್ಡಿಗೆ ಅವಳು ಮೊದಲ ದಿನ ಬೆಳಿಗ್ಗೆ ಏಳಕ್ಕೇ ಹೋದಳು. ಫಿನಾಯಿಲ್ ವಾಸನೆ, ಸ್ಟೀಲಿನ ಬೋಗುಣಿಗಳ ಸದ್ದು, ಬದಲಾಯಿಸಿದ ಹಾಸಿಗೆ ಬಟ್ಟೆಗಳ ರಾಶಿ. ಒಂದೂವರೆ ವರ್ಷದ ನಂತರ ಕಾಲು ತಾನಾಗಿಯೇ ಆ ನಡಿಗೆ ಹಿಡಿಯಿತು. ಔಷಧಿ ಗಾಡಿಯ ಮೇಲಿನ ಕಂಪ್ಯೂಟರಿನ ಮುಂದೆ ಕೆಲಸಕ್ಕೆ ಸೇರಿ ವರ್ಷವೂ ಆಗದ ಒಬ್ಬ ನರ್ಸ್ ನಿಂತಿದ್ದಳು. ಸಿಸ್ಟರಕ್ಕ ಸ್ಟೂಲು ತಂದು ಪಕ್ಕದಲ್ಲಿ ಹಾಕಿಕೊಂಡಾಗ ಅವಳು ಪರದೆಯನ್ನು ಸ್ವಲ್ಪ ಆಚೆ ತಿರುಗಿಸಿದಳು.

"ಮೇಡಂ, ನಾನು ತಪ್ಪು ಮಾಡಿದ್ರೆ ಬರ್ಕೋತೀರಾ?"

"ಬರ್ಕೋತೀನಿ. ಹೆಸರು ಬರೆಯಲ್ಲ."

"ಹೆಡ್ ನರ್ಸ್‌ಗೆ ತೋರಿಸ್ತೀರಾ?"

"ಇಲ್ಲ. ಆದ್ರೆ ರೋಗಿಗೆ ತೊಂದ್ರೆ ಆಗೋ ಹಾಗಿದ್ರೆ ಅಲ್ಲೇ ಬಾಯಿ ಬಿಡ್ತೀನಿ. ಸುಮ್ಮನೆ ಕೂತು ಬರೀತಾ ಇರಲ್ಲ." ಸ್ವಲ್ಪ ತಡೆದು ಸೇರಿಸಿದಳು, "ನಾನು ಇಪ್ಪತ್ತೊಂದು ವರ್ಷ ನರ್ಸಾಗಿದ್ದೆ ಕಣಮ್ಮಾ. ನನ್ನ ತಪ್ಪಿನ ಕಥೆ ದೊಡ್ಡದಿದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳ್ತೀನಿ."

ಹುಡುಗಿ ಅವಳನ್ನು ಅಳೆಯುವಂತೆ ಒಮ್ಮೆ ನೋಡಿ, ಪರದೆಯನ್ನು ಮೊದಲಿದ್ದ ಕಡೆಗೆ ತಿರುಗಿಸಿದಳು. ಮೊದಲ ಹಳದಿ ಚೌಕ ಮೂಡಿತು, ಹೋಯಿತು. ಸಿಸ್ಟರಕ್ಕ ಒಂದು ಗೀಟು ಹಾಕಿದಳು. ಎರಡನೆಯದು, ಮೂರನೆಯದು. ಒಂಬತ್ತು ಗಂಟೆಗೆ ನೋಟ್‌ಬುಕ್ಕಿನಲ್ಲಿ ಮೂವತ್ತೊಂದು ಗೀಟುಗಳಾಗಿದ್ದವು. ಅಷ್ಟರಲ್ಲಿ ಮೂಲೆಯ ಹಾಸಿಗೆಯ ಅಜ್ಜಿಗೆ ವಾಂತಿ ಬಂದು ಹುಡುಗಿ ಆ ಕಡೆ ಓಡಿದಳು, ಓಡುತ್ತಲೇ ತಿರುಗಿ, "ಮೇಡಂ, ಆ ಬೋಗುಣಿ ಒಂದು ಕೊಡ್ತೀರಾ?" ಎಂದು ಕೂಗಿದಳು. ಸಿಸ್ಟರಕ್ಕ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು, ಬೋಗುಣಿ ಎತ್ತಿಕೊಂಡು ಎದ್ದಳು.